ಓಡುವ ಕಾಲಿಗೆ ಎಂಥ ಜೋಡು?

ಬೆಳಗಾವಿಯ ಕ್ಯಾಂಪ್ ಭಾಗದಲ್ಲಿ ನಸುಕಿನ ಹೊತ್ತು ಓಡುವವರಿಗೆ ಎಂದೂ ಬರವಿಲ್ಲ. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ ಇಲ್ಲಿ ನೆಲೆಯೂರಿದ್ದು ೧೯೨೨ರಲ್ಲಿ. ಹೊಸದಾಗಿ ದಳ ಸೇರಿದ ತರುಣರು ಹೆಜ್ಜೆಗೆ ಹೆಜ್ಜೆ ಕೂಡಿಸಿ ಓಡುವ ಸಪ್ಪಳ ಈ ಭಾಗದ ನಿವಾಸಿಗಳಿಗೆ ತಲೆಮಾರುಗಳಿಂದ ಪರಿಚಿತವಾದುದು. ಅವರಲ್ಲದೆ ಸೈನ್ಯಭರ್ತಿಯ ೧.೬ ಕಿಲೋಮೀಟರ್ ಓಟಕ್ಕೆಂದು ತಯಾರಾಗುವ ಖಾನಾಪುರ, ಬೈಲಹೊಂಗಲ, ಗೋಕಾಕ ಕಡೆಯ ಹುಡುಗರಿದ್ದಾರೆ, ಶಾಲೆಯ ಆಟಗಾರರಿದ್ದಾರೆ, ಸಕ್ಕರೆ ಕಾಯಿಲೆಯ ಭಯದಿಂದಲೋ ಬೊಜ್ಜಿನ ಭಯದಿಂದಲೋ ನಡಿಗೆಗೆ ತೊಡಗಿ, ನಡಿಗೆಯಿಂದ ಓಟಕ್ಕೆ ಏರಿದ ಗೃಹಸ್ಥರೂ ಇದ್ದಾರೆ.

ಇವರೆಲ್ಲರ ಮುಖ ಬಿಟ್ಟು ಕಾಲುಗಳನ್ನಷ್ಟೇ ನೋಡಿದರೆ ಒಂದು ವಿಚಿತ್ರ ಪ್ರದರ್ಶನವೇ ಕಾಣುತ್ತದೆ. ಒಬ್ಬರ ಜೋಡಿನ ಹಿಮ್ಮಡಿ ಎರಡು ಬೆರಳು ಎತ್ತರ. ಇನ್ನೊಬ್ಬರದು ರೊಟ್ಟಿಯಂತೆ ಚಪ್ಪಟೆ. ಒಬ್ಬರದು ಹತ್ತಿಯಂತೆ ಮೆತ್ತಗೆ, ಇನ್ನೊಬ್ಬರದು ಹಲಗೆಯಂತೆ ಬಿರುಸು. ಬರಿಗಾಲಿನಲ್ಲಿ ಓಡುವ ಹುಡುಗನೂ ಉಂಟು. ಅಂಗಡಿಗೆ ಹೋದರೆ ಐದುನೂರು ರೂಪಾಯಿಯಿಂದ ಇಪ್ಪತ್ತು ಸಾವಿರದವರೆಗೆ ಬೆಲೆ ಹೇಳುತ್ತಾರೆ, ಮತ್ತು ಪ್ರತಿಯೊಂದಕ್ಕೂ ಒಂದು ಗುಣವರ್ಣನೆ ಇರುತ್ತದೆ. ಭರ್ತಿಗೆ ಹೊರಟ ಮಗನಿಗಾಗಿ ತಂದೆ ತಿಂಗಳ ಗಳಿಕೆಯಲ್ಲಿ ಒಂದು ಪಾಲನ್ನು ತೆಗೆದಿಡುವಾಗ, ಈ ವರ್ಣನೆಯಲ್ಲಿ ಎಷ್ಟು ನಿಜ, ಎಷ್ಟು ವ್ಯಾಪಾರ ಎಂಬುದು ಅವನಿಗೆ ತಿಳಿದಿರಬೇಕಲ್ಲವೆ? ಜೋಡಿನ ಒಂದೊಂದು ಅಂಗವೂ ಕಾಲಿಗೆ ಏನು ಮಾಡುತ್ತದೆ ಎಂಬುದನ್ನು ಇಲ್ಲಿ ನೋಡೋಣ. ಅದಕ್ಕೆ ಮೊದಲು ಕಾಲನ್ನೇ ಸ್ವಲ್ಪ ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು.

ಪಾದವೆಂಬ ಯಂತ್ರ

ಒಂದು ಪಾದದಲ್ಲಿ ೨೬ ಎಲುಬುಗಳಿವೆ. ಎರಡೂ ಪಾದಗಳನ್ನು ಕೂಡಿಸಿದರೆ ೫೨. ಅಂದರೆ ನಮ್ಮ ಮೈಯ ೨೦೬ ಎಲುಬುಗಳಲ್ಲಿ ಕಾಲುಭಾಗ ಪಾದಗಳಲ್ಲಿಯೇ ಅಡಗಿವೆ. ಇವು ಸುಮಾರು ೩೩ ಕೀಲುಗಳಲ್ಲಿ ಒಂದಕ್ಕೊಂದು ಕೂಡಿಕೊಂಡಿವೆ. ಎಲುಬುಗಳನ್ನು ಬಿಗಿದು ಹಿಡಿಯುವ ಪಟ್ಟಿಗಳೂ, ಎಳೆಯುವ ಸ್ನಾಯುಗಳೂ ನೂರಕ್ಕೆ ಮೇಲ್ಪಟ್ಟಿವೆ. ಭಾರ ಹೊರುವುದಕ್ಕೆ ಮಾತ್ರವೇ ಆಗಿದ್ದರೆ ಪ್ರಕೃತಿ ಆನೆಯ ಕಾಲಿನಂಥ ಒಂದು ಕಂಬವನ್ನು ಕೊಟ್ಟಿದ್ದರೆ ಸಾಕಾಗಿತ್ತು. ಇಷ್ಟೊಂದು ತುಂಡುಗಳನ್ನು ಜೋಡಿಸಿದ್ದರ ಉದ್ದೇಶ ಬೇರೆಯೇ ಇದೆ: ಪಾದವು ನೆಲಕ್ಕೆ ತಾಗಿದಾಗ ಮೆತ್ತಗಾಗಬೇಕು, ನೆಲವನ್ನು ಒದ್ದು ಮುಂದೆ ಚಿಮ್ಮುವಾಗ ಗಟ್ಟಿಯಾಗಬೇಕು. ಒಂದೇ ವಸ್ತು ಒಂದು ಕ್ಷಣ ಮೆತ್ತಗೆ, ಮರುಕ್ಷಣ ಬಿರುಸು!

ಇದು ಹೇಗೆ ಸಾಧ್ಯವೆಂಬುದನ್ನು ವಾಚಕರು ಕುಳಿತಲ್ಲಿಂದ ಎದ್ದು ಈಗಲೇ ಪರೀಕ್ಷಿಸಬಹುದು. ಬರಿಗಾಲಿನಲ್ಲಿ ನೆಟ್ಟಗೆ ನಿಲ್ಲಿರಿ. ಮನೆಯವರೊಬ್ಬರು ನಿಮ್ಮ ಹೆಬ್ಬೆರಳನ್ನು ಮಾತ್ರ ಹಿಡಿದು ಮೇಲಕ್ಕೆ ಎತ್ತಲಿ. ಅಂಗಾಲಿನ ಒಳಭಾಗದ ಕಮಾನು ತಾನಾಗಿಯೇ ಮೇಲೇಳುವುದು ಕಾಣುತ್ತದೆ. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನ ಅಡಿಯಲ್ಲಿ ಒಂದು ಗಟ್ಟಿಯಾದ ಪಟ್ಟಿ ಹಾಯ್ದಿದೆ. ಬೆರಳು ಮೇಲೆ ಬಾಗಿದಾಗ ಆ ಪಟ್ಟಿ ಬಾವಿಯ ರಾಟೆಗೆ ಸುತ್ತಿದ ಹಗ್ಗದಂತೆ ಬಿಗಿಯುತ್ತದೆ, ಕಮಾನು ಏರುತ್ತದೆ, ಪಾದ ಗಟ್ಟಿಯಾಗುತ್ತದೆ. ಈ ತತ್ತ್ವವನ್ನು ೧೯೫೪ರಲ್ಲಿ ಹಿಕ್ಸ್ ಎಂಬ ಇಂಗ್ಲಿಷ್ ಅಂಗರಚನಾ ಶಾಸ್ತ್ರಜ್ಞ ವಿವರಿಸಿದನು. ಪ್ರತಿ ಹೆಜ್ಜೆಯಲ್ಲಿಯೂ ಹಿಮ್ಮಡಿ ಎದ್ದು ಬೆರಳು ಬಾಗುವಾಗ ಇದೇ ನಡೆಯುತ್ತದೆ.

ಕಮಾನು ಬರಿಯ ಕಮಾನಲ್ಲ, ಒಂದು ಸ್ಪ್ರಿಂಗೂ ಹೌದು. ಓಡುವಾಗ ಭಾರ ಬಿದ್ದು ಅದು ತಗ್ಗುತ್ತದೆ. ತಗ್ಗುವಾಗ ಶಕ್ತಿಯನ್ನು ಕೂಡಿಟ್ಟುಕೊಂಡು ಏಳುವಾಗ ಮರಳಿ ಕೊಡುತ್ತದೆ. ೧೯೮೭ರಲ್ಲಿ ಪ್ರಕಟವಾದ ಒಂದು ಬ್ರಿಟಿಷ್ ಅಧ್ಯಯನವು ಒಂದು ಹೆಜ್ಜೆಯಲ್ಲಿ ದೇಹ ಹೀರಿ ಮರಳಿಸುವ ಶಕ್ತಿಯಲ್ಲಿ ನೂರಕ್ಕೆ ಸುಮಾರು ೧೭ ಪಾಲು ಈ ಕಮಾನಿನದೆಂದೂ, ಸುಮಾರು ೩೫ ಪಾಲು ಹಿಮ್ಮಡಿಯ ಹಿಂದೆ ಹಗ್ಗದಂತೆ ಕೈಗೆ ಸಿಗುವ ದಪ್ಪ ನರದ್ದೆಂದೂ ಲೆಕ್ಕ ಹಾಕಿತು. ಅಂದಮೇಲೆ ಹಣ ಕೊಟ್ಟು ಸ್ಪ್ರಿಂಗು ತರುವುದಕ್ಕೆ ಮೊದಲೇ ನಮ್ಮಲ್ಲಿ ಎರಡು ಸ್ಪ್ರಿಂಗುಗಳಿವೆ ಎಂಬುದನ್ನು ಮರೆಯಬಾರದು.

ನಡಿಗೆಯಲ್ಲಿ ಒಂದು ಕಾಲಾದರೂ ಸದಾ ನೆಲದ ಮೇಲಿರುತ್ತದೆ. ಓಟದಲ್ಲಿ ಹಾಗಲ್ಲ, ಪ್ರತಿ ಹೆಜ್ಜೆಯ ನಡುವೆ ನಾವು ಒಂದು ಕ್ಷಣ ಗಾಳಿಯಲ್ಲಿರುತ್ತೇವೆ, ಬಳಿಕ ಒಂದೇ ಕಾಲಿನ ಮೇಲೆ ಬೀಳುತ್ತೇವೆ. ಹೀಗೆ ಬಿದ್ದಾಗ ನೆಲವು ಕಾಲನ್ನು ಮೈತೂಕದ ಎರಡರಿಂದ ಮೂರು ಪಟ್ಟು ಬಲದಿಂದ ಒತ್ತುತ್ತದೆ. ಅರವತ್ತು ಕಿಲೋ ತೂಗುವ ಮನುಷ್ಯನ ಕಾಲಿಗೆ ಒಂದು ಹೆಜ್ಜೆಗೆ ನೂರಿಪ್ಪತ್ತು ಕಿಲೋಗಿಂತ ಕಡಿಮೆಯಿಲ್ಲದ ಭಾರ. ನಿಮಿಷಕ್ಕೆ ೧೬೫ ಹೆಜ್ಜೆಯಂತೆ ಒಂದು ತಾಸು ಓಡಿದರೆ ಹತ್ತಿರ ಹತ್ತಿರ ಹತ್ತು ಸಾವಿರ ಹೆಜ್ಜೆ. ಒಂದೊಂದು ಕಾಲಿಗೆ ಐದೈದು ಸಾವಿರ. ಜೋಡಿನಲ್ಲಿರುವ ಸಣ್ಣ ಗುಣವಾಗಲಿ ಸಣ್ಣ ದೋಷವಾಗಲಿ ಐದು ಸಾವಿರದಿಂದ ಗುಣಿಸಲ್ಪಡುತ್ತದೆ. ಆದಕಾರಣವೇ ಈ ವಿಷಯ ಕ್ಷುಲ್ಲಕವಲ್ಲ.

ಬರಿಗಾಲಿನ ಓಟಗಾರರು

ಜೋಡೇ ಇಲ್ಲದೆ ದೂರ ಓಡಲು ಸಾಧ್ಯವೆ? ಈ ಪ್ರಶ್ನೆಗೆ ಉತ್ತರ ಕೊಡುವವರಲ್ಲಿ ಬೆಳಗಾವಿಯವರೊಬ್ಬರಿದ್ದಾರೆ. ೧೯೨೦ರಲ್ಲಿ ಬೆಲ್ಜಿಯಂ ದೇಶದ ಆಂಟ್ವರ್ಪ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದಾಗ ಭಾರತದಿಂದ ಹೋದ ಚಿಕ್ಕ ತಂಡದಲ್ಲಿ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಆ ವರ್ಷದ ಮ್ಯಾರಥಾನ್ ಓಟದ ದೂರ ೪೨.೭೫ ಕಿಲೋಮೀಟರ್, ಒಲಿಂಪಿಕ್ ಇತಿಹಾಸದಲ್ಲಿಯೇ ಅತಿ ಉದ್ದವಾದ ಮ್ಯಾರಥಾನ್ ಅದು. ಚೌಗುಲೆಯವರು ಅದನ್ನು ೨ ಗಂಟೆ ೫೦ ನಿಮಿಷಗಳ ಮೇಲೆ ಕೆಲವು ಸೆಕೆಂಡುಗಳಲ್ಲಿ ಮುಗಿಸಿ ೧೯ನೆಯವರಾಗಿ ಬಂದರು. ಫಿನ್ಲೆಂಡಿನ ಕೋಲೆಹ್ಮೈನೆನ್ ೨ ಗಂಟೆ ೩೨ ನಿಮಿಷ ೩೫ ಸೆಕೆಂಡುಗಳಲ್ಲಿ ಗೆದ್ದನು.

ಈ ತಂಡ ಹುಟ್ಟಿದ ಬಗೆಯೂ ಕುತೂಹಲಕರವಾಗಿದೆ. ಪುಣೆಯ ಡೆಕ್ಕನ್ ಜಿಮ್ಖಾನದ ಕ್ರೀಡಾಕೂಟದಲ್ಲಿ ಹೊಲಗಳಲ್ಲಿ ದುಡಿಯುವ ರೈತಮಕ್ಕಳು ಬರಿಗಾಲಿನಲ್ಲಿ ಓಡುವುದನ್ನು ಸರ್ ದೊರಾಬ್ಜಿ ಟಾಟಾ ಕಂಡರು. ಅವರಿಗೆ ಯುರೋಪಿನ ನಿಯಮಗಳ ಪರಿಚಯವಿರಲಿಲ್ಲ, ಶಿಕ್ಷಣ ಸಿಕ್ಕಿರಲಿಲ್ಲ. ಆದರೂ ಅವರ ವೇಗ ಹೊರದೇಶದ ಓಟಗಾರರ ವೇಗಕ್ಕೆ ಸಮೀಪವಾಗಿತ್ತು. ಇವರನ್ನು ಒಲಿಂಪಿಕ್‌ಗೆ ಕಳಿಸಬೇಕೆಂಬ ಸಂಕಲ್ಪ ಹುಟ್ಟಿದ್ದು ಹಾಗೆ. ಮುಂದೆ ೧೯೬೦ರಲ್ಲಿ ಇಥಿಯೋಪಿಯದ ಅಬೆಬೆ ಬಿಕಿಲ ರೋಮ್ ನಗರದ ಬೀದಿಗಳಲ್ಲಿ ಬರಿಗಾಲಿನಲ್ಲಿ ಓಡಿ ಮ್ಯಾರಥಾನ್ ಗೆದ್ದದ್ದು ಜಗತ್ತಿಗೆಲ್ಲ ತಿಳಿದ ಸಂಗತಿ. ಆದರೆ ಅದೇ ಬಿಕಿಲ ೧೯೬೪ರಲ್ಲಿ ಟೋಕಿಯೋದಲ್ಲಿ ಜೋಡು ತೊಟ್ಟು ಓಡಿ, ಮೂರು ನಿಮಿಷ ಬೇಗನೆ ಮುಗಿಸಿ, ಎರಡನೆಯ ಬಾರಿ ಗೆದ್ದದ್ದನ್ನು ಹೇಳುವವರು ಕಡಿಮೆ. ಬರಿಗಾಲೇ ಶ್ರೇಷ್ಠವೆನ್ನುವವರಿಗೂ ಜೋಡೇ ಶ್ರೇಷ್ಠವೆನ್ನುವವರಿಗೂ ಒಬ್ಬನೇ ಮನುಷ್ಯ ಸಾಕ್ಷಿಯಾಗಿದ್ದಾನೆ.

ಬರಿಗಾಲಿನವರು ಓಡುವ ರೀತಿಯೇ ಬೇರೆ. ಮೆತ್ತೆಯ ಜೋಡು ತೊಟ್ಟವರಲ್ಲಿ ಹೆಚ್ಚಿನವರು ಹಿಮ್ಮಡಿಯನ್ನು ಮೊದಲು ಊರುತ್ತಾರೆ. ಬರಿಗಾಲಿನಲ್ಲಿ ಗಟ್ಟಿ ನೆಲದ ಮೇಲೆ ಹಾಗೆ ಊರಿದರೆ ತಲೆಯವರೆಗೆ ಧಕ್ಕೆ ಹೊಡೆಯುತ್ತದೆ. ಆದ್ದರಿಂದ ಅವರು ಪಾದದ ಮುಂಭಾಗವನ್ನು ಇಲ್ಲವೆ ನಡುಭಾಗವನ್ನು ಮೊದಲು ತಾಗಿಸಿ, ಮೊಣಕಾಲನ್ನು ಸ್ವಲ್ಪ ಬಾಗಿಸಿ, ಗಿಡ್ಡ ಹೆಜ್ಜೆಗಳಲ್ಲಿ ಓಡುತ್ತಾರೆ. ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು ಕೀನ್ಯಾ ದೇಶದ ಓಟಗಾರರನ್ನೂ ಅಮೆರಿಕದವರನ್ನೂ ಪರೀಕ್ಷಿಸಿ ೨೦೧೦ರಲ್ಲಿ ಇದನ್ನು ತೋರಿಸಿಕೊಟ್ಟರು. ಹಿಮ್ಮಡಿ ಊರಿದಾಗ ಆಗುವ ಥಟ್ಟನೆಯ ಹೊಡೆತ ಮುಂಗಾಲು ಊರಿದಾಗ ಕಾಣುವುದಿಲ್ಲ. ಆದರೆ ಭಾರವೇನೂ ಮಾಯವಾಗುವುದಿಲ್ಲ. ಮೊಣಕಾಲಿನ ಹೊರೆ ಕಡಿಮೆಯಾಗಿ ಮೀನಖಂಡಕ್ಕೂ ಹಿಮ್ಮಡಿಯ ನರಕ್ಕೂ ಹೆಚ್ಚಾಗುತ್ತದೆ. ಈ ಮಾತನ್ನು ನೆನಪಿನಲ್ಲಿಡಿರಿ. ಜೋಡಿನ ವಿಚಾರದಲ್ಲಿ ಮತ್ತೆ ಮತ್ತೆ ಇದೇ ನ್ಯಾಯ ಎದುರಾಗುತ್ತದೆ. ಜೋಡು ಹೊರೆಯನ್ನು ಇಲ್ಲವಾಗಿಸುವುದಿಲ್ಲ, ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ವರ್ಗಾಯಿಸುತ್ತದೆ.

ಜೋಡಿನ ಅಂಗಾಂಗಗಳು

ಓಟದ ಜೋಡಿನ ಕಥೆ ರಬ್ಬರಿನ ಕಥೆಯೊಂದಿಗೆ ಆರಂಭವಾಗುತ್ತದೆ. ೧೮೩೯ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ರಬ್ಬರನ್ನು ಹದಗೊಳಿಸುವ ಉಪಾಯ ಕಂಡುಹಿಡಿದ ಮೇಲೆ ಬಟ್ಟೆಯ ಮೇಲುಹೊದಿಕೆಗೆ ರಬ್ಬರಿನ ಅಟ್ಟೆ ಹಚ್ಚಿದ ಹಗುರ ಜೋಡುಗಳು ಬಂದವು. ನಮ್ಮ ಶಾಲೆಗಳ ಕವಾಯತಿಗೆ ತೊಡುವ ಬಿಳಿಯ ಕ್ಯಾನ್ವಾಸ್ ಜೋಡು ಅದೇ ವಂಶದ್ದು. ಅದರ ಅಟ್ಟೆ ಚಪ್ಪಟೆ, ತೆಳು. ಮೆತ್ತೆ ಎಂಬುದು ಹೆಸರಿಗೆ ಮಾತ್ರ. ೧೯೭೦ರ ದಶಕದಲ್ಲಿ ಅಮೆರಿಕೆಯಲ್ಲಿ ಸಾಮಾನ್ಯ ಜನ ಆರೋಗ್ಯಕ್ಕಾಗಿ ರಸ್ತೆಗಿಳಿದು ಓಡತೊಡಗಿದಾಗ ಜೋಡಿನ ರೂಪವೇ ಬದಲಾಯಿತು. ಹೊರಗಿನ ರಬ್ಬರು ಮತ್ತು ಒಳಗಿನ ಬಟ್ಟೆಯ ನಡುವೆ ಗಾಳಿಗುಳ್ಳೆಗಳಿಂದ ತುಂಬಿದ ಹಗುರವಾದ ಫೋಮಿನ ಒಂದು ದಪ್ಪ ಪದರ ಬಂದಿತು. ಇಂದಿನ ಜೋಡಿನ ಮುಖ್ಯ ವ್ಯವಹಾರವೆಲ್ಲ ಈ ನಡುವಣ ಪದರದಲ್ಲಿಯೇ ನಡೆಯುತ್ತದೆ.

ಮೊದಲು ಹಿಮ್ಮಡಿಯ ಎತ್ತರವನ್ನು ನೋಡೋಣ. ಸಾಮಾನ್ಯವಾಗಿ ಓಟದ ಜೋಡಿನಲ್ಲಿ ಹಿಮ್ಮಡಿಯು ಮುಂಗಾಲಿಗಿಂತ ಎಂಟರಿಂದ ಹನ್ನೆರಡು ಮಿಲಿಮೀಟರ್ ಎತ್ತರವಿರುತ್ತದೆ. ಎತ್ತರ ಹೆಚ್ಚಾದಷ್ಟೂ ಹಿಮ್ಮಡಿಯ ನರ ಸಡಿಲವಾಗಿ ಅದರ ಹೊರೆ ಇಳಿಯುತ್ತದೆ. ಮೊಣಕಾಲಿನ ಹೊರೆ ಏರುತ್ತದೆ. ಎತ್ತರ ಕಡಿಮೆಯಾದರೆ ಇದಕ್ಕೆ ವಿರುದ್ಧ. ಆದ್ದರಿಂದ ಹಿಮ್ಮಡಿಯ ಹಿಂದೆ ನೋವಿರುವವರಿಗೆ ಚಪ್ಪಟೆ ಜೋಡು ಒಗ್ಗದು. ಮೊಣಚಿಪ್ಪಿನ ಸುತ್ತ ನೋವಿರುವವರಿಗೆ ತೀರ ಎತ್ತರದ ಹಿಮ್ಮಡಿ ಒಗ್ಗದು. ಇದರಲ್ಲಿ ಒಳ್ಳೆಯದು ಕೆಟ್ಟದ್ದು ಎಂಬುದಿಲ್ಲ. ಯಾರ ಕಾಲಿನಲ್ಲಿ ಯಾವ ಭಾಗ ದುರ್ಬಲವೆಂಬುದೇ ಪ್ರಶ್ನೆ.

ಎರಡನೆಯದು ಮೆತ್ತೆ. ಹೆಚ್ಚು ಮೆತ್ತಗಿದ್ದರೆ ಹೆಚ್ಚು ರಕ್ಷಣೆ ಎಂದು ನಮಗೆ ಸಹಜವಾಗಿ ತೋರುತ್ತದೆ. ಆದರೆ ಕಾಲು ಮೂಕಪ್ರಾಣಿಯಲ್ಲ. ಕೆಳಗಿನ ನೆಲ ಮೆತ್ತಗಾದರೆ ಅದು ತನ್ನನ್ನು ತಾನೇ ಬಿರುಸಾಗಿಸಿಕೊಳ್ಳುತ್ತದೆ, ನೆಲ ಗಟ್ಟಿಯಾದರೆ ತಾನು ಮೆತ್ತಗಾಗುತ್ತದೆ. ಹೀಗಾಗಿ ಮೆತ್ತೆಯ ಲಾಭದಲ್ಲಿ ಒಂದು ಪಾಲು ಸೋರಿಹೋಗುತ್ತದೆ. ಹಾಗೆಂದು ಲಾಭವೇ ಇಲ್ಲವೆಂದಲ್ಲ. ಲಕ್ಸೆಂಬರ್ಗ್ ದೇಶದಲ್ಲಿ ಎಂಟುನೂರಕ್ಕೂ ಹೆಚ್ಚು ಓಟಗಾರರಿಗೆ ಮೇಲುನೋಟಕ್ಕೆ ಒಂದೇ ಆಗಿ ಕಾಣುವ, ಆದರೆ ಒಳಗೆ ಬಿರುಸು ಅಥವಾ ಮೆತ್ತನೆಯ ಫೋಮಿರುವ ಜೋಡುಗಳನ್ನು ಹಂಚಿ ಆರು ತಿಂಗಳು ಗಮನಿಸಿದರು. ೨೦೨೦ರಲ್ಲಿ ಪ್ರಕಟವಾದ ಫಲಿತಾಂಶದಂತೆ ಬಿರುಸು ಜೋಡಿನವರಿಗೆ ನೋವುಗಾಯಗಳು ಸ್ವಲ್ಪ ಹೆಚ್ಚು. ಅಂದರೆ ಮಿತವಾದ ಮೆತ್ತೆ ಹಿತ. ಆದರೆ ಅದು ಕವಚವಲ್ಲ.

ಮೂರನೆಯದು ಕಮಾನಿಗೆ ಒಳಗಿನಿಂದ ಕೊಡುವ ಆಧಾರ. ಕಾಲೂರಿದಾಗ ಪಾದ ಒಳಮುಖವಾಗಿ ಸ್ವಲ್ಪ ವಾಲುವುದು ಸ್ವಾಭಾವಿಕ. ಈ ವಾಲುವಿಕೆ ಹೆಚ್ಚಾದರೆ ಅನರ್ಥವೆಂದು ಬಹುಕಾಲ ನಂಬಲಾಗಿತ್ತು. ಅದನ್ನು ತಡೆಯಲು ಒಳಮಗ್ಗುಲಿನಲ್ಲಿ ಗಟ್ಟಿಯಾದ ತುಂಡನ್ನು ಕೂಡಿಸಿದ ಜೋಡುಗಳು ಬಂದವು. ಕಮಾನು ತಗ್ಗಿದವರಿಗೆ ಒಂದು ಬಗೆ, ಮಧ್ಯಮದವರಿಗೆ ಒಂದು, ಎತ್ತರದವರಿಗೆ ಇನ್ನೊಂದು ಎಂದು ಅಂಗಡಿಗಳು ಇಂದಿಗೂ ಹೇಳುವುದುಂಟು. ಈ ನಂಬಿಕೆಯನ್ನು ಒರೆಗೆ ಹಚ್ಚಿದ್ದು, ನಮ್ಮ ಕ್ಯಾಂಪಿನವರಿಗೆ ಆಸಕ್ತಿಯೆನಿಸುವಂತೆ, ಸೈನ್ಯವೇ. ಅಮೆರಿಕೆಯ ಭೂಸೇನೆ, ವಾಯುಸೇನೆ ಮತ್ತು ನೌಕಾಪದಾತಿ ದಳಗಳಲ್ಲಿ ತರಬೇತಿಗೆ ಬಂದವರನ್ನು ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ ಅಂಗಾಲಿನ ಆಕಾರ ನೋಡಿ ಬೇರೆ ಬೇರೆ ಜೋಡು ಕೊಟ್ಟರು. ಇನ್ನೊಂದಕ್ಕೆ ಆಕಾರ ನೋಡದೆ ಎಲ್ಲರಿಗೂ ಒಂದೇ ಬಗೆ ಕೊಟ್ಟರು. ೨೦೦೯ ಮತ್ತು ೨೦೧೦ರಲ್ಲಿ ಪ್ರಕಟವಾದ ಈ ಮೂರೂ ಪ್ರಯೋಗಗಳ ತಾತ್ಪರ್ಯ ಒಂದೇ: ಎರಡು ಪಂಗಡಗಳ ಗಾಯಗಳಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ೨೦೧೬ರ ಮತ್ತೊಂದು ಲಕ್ಸೆಂಬರ್ಗ್ ಪ್ರಯೋಗದಲ್ಲಿ ಮಾತ್ರ, ಪಾದ ಬಹಳ ಒಳವಾಲುವವರಿಗೆ ಆಧಾರದ ಜೋಡಿನಿಂದ ಉಪಯೋಗವಾದದ್ದು ಕಂಡಿತು. ಆದಕಾರಣ ಹಸಿ ಹೆಜ್ಜೆಯ ಗುರುತು ನೋಡಿ ಜೋಡು ಆರಿಸುವ ಪದ್ಧತಿಗೆ ಅಂಗಡಿಯಲ್ಲಿ ಇರುವಷ್ಟು ಬೆಲೆ ಶಾಸ್ತ್ರದಲ್ಲಿಲ್ಲ.

ನಾಲ್ಕನೆಯದು ಜೋಡಿನ ಮೂತಿ. ಇದರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ. ಬೆರಳುಗಳು ಹರಡಿ ನೆಲವನ್ನು ಹಿಡಿಯಬೇಕು. ಹೆಬ್ಬೆರಳು ನೆಟ್ಟಗೆ ಮುಂದೆ ನೋಡುತ್ತಿರಬೇಕು. ಚೂಪು ಮೂತಿಯ ಜೋಡು ಹೆಬ್ಬೆರಳನ್ನು ಪಕ್ಕಕ್ಕೆ ನೂಕಿ, ಅದರ ಬುಡದ ಗಿಣ್ಣು ಹೊರಚಾಚಿ ಗಂಟಿನಂತಾಗಲು ಕಾರಣವಾಗುತ್ತದೆ, ಆಣಿ ಬೀಳುತ್ತದೆ, ಇಳಿಜಾರಿನಲ್ಲಿ ಓಡುವಾಗ ಉಗುರು ತಾಗಿ ಕಪ್ಪಾಗುತ್ತದೆ. ನಮ್ಮ ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳು ಅಳಲೆಕಾಯಿ, ಜಾಲಿಯ ತೊಗಟೆಗಳಲ್ಲಿ ಹದ ಮಾಡಿದ ತೊಗಲಿನಿಂದ ಕಟ್ಟುವ ಕೊಲ್ಹಾಪುರಿ ಚಪ್ಪಲಿಯನ್ನು ಈ ದೃಷ್ಟಿಯಿಂದ ನೋಡಿರಿ. ಬೆರಳುಗಳಿಗೆ ಪೂರ್ಣ ಸ್ವಾತಂತ್ರ್ಯ, ಅಟ್ಟೆ ಬಹುಮಟ್ಟಿಗೆ ಸಮತಟ್ಟು. ಓಡುವುದಕ್ಕೆ ಅದು ತಕ್ಕದ್ದಲ್ಲ, ಏಕೆಂದರೆ ಹಿಂದೆ ಹಿಡಿತವಿಲ್ಲ. ಆದರೆ ಬೆರಳನ್ನು ಬಂಧಿಸದ ಗುಣ ಅದರಲ್ಲಿದೆ.

ಐದನೆಯದಾಗಿ, ಇಂದಿನ ಅನೇಕ ಜೋಡುಗಳ ತುದಿ ದೋಣಿಯ ಮೂತಿಯಂತೆ ಮೇಲಕ್ಕೆ ಬಾಗಿರುತ್ತದೆ. ಇದರಿಂದ ಹೆಜ್ಜೆ ಉರುಳಿದಂತೆ ಸಲೀಸಾಗುತ್ತದೆ. ಆದರೆ ಬೆರಳುಗಳ ಬುಡದ ಕೀಲು ಮಾಡಬೇಕಾದ ಕೆಲಸ ಕಡಿಮೆಯಾಗುತ್ತದೆಂದು ೨೦೨೦ರ ಒಂದು ಅಧ್ಯಯನ ಅಳೆದು ತೋರಿಸಿತು. ಕೆಲಸವಿಲ್ಲದ ಸ್ನಾಯು ಕಾಲಕ್ರಮದಲ್ಲಿ ಸೊರಗಬಹುದೆಂಬ ಶಂಕೆಯನ್ನೂ ಆ ವಿಜ್ಞಾನಿಗಳು ಮುಂದಿಟ್ಟರು.

ಇನ್ನು ತೂಕ. ಜೋಡಿನ ತೂಕ ನೂರು ಗ್ರಾಂ ಹೆಚ್ಚಾದರೆ ಓಟಕ್ಕೆ ಬೇಕಾದ ಶಕ್ತಿ ನೂರಕ್ಕೆ ಒಂದರಷ್ಟು ಹೆಚ್ಚುತ್ತದೆ. ಸ್ಪರ್ಧೆಗೆ ಓಡುವವರಿಗೆ ಇದು ಮಹತ್ವದ್ದು. ಆರೋಗ್ಯಕ್ಕಾಗಿ ಓಡುವವರಿಗೆ ಅಷ್ಟಲ್ಲ. ಖಾನಾಪುರದ ಮಳೆಗಾಲದಲ್ಲಿ ಮಾತ್ರ ಈ ಲೆಕ್ಕಕ್ಕೆ ನೀರಿನ ಲೆಕ್ಕವನ್ನೂ ಕೂಡಿಸಬೇಕು. ನೀರು ಕುಡಿದ ದಪ್ಪ ಹೊದಿಕೆಯ ಜೋಡು ಭಾರವಾಗುವುದಲ್ಲದೆ, ನೆನೆದ ಚರ್ಮ ತಿಕ್ಕಿ ಗುಳ್ಳೆ ಏಳುತ್ತದೆ. ಅಲ್ಲಿಯ ಜಂಬಿಟ್ಟಿಗೆಯ ಕಚ್ಚಾ ದಾರಿಗಳಲ್ಲಿ ಓಡುವವರಿಗೆ ನೀರು ಬೇಗ ಸೋರಿಹೋಗುವ ತೆಳು ಜಾಳಿಗೆಯ ಹೊದಿಕೆಯೂ, ಕೆಸರನ್ನು ಕಚ್ಚುವ ಆಳವಾದ ಹಲ್ಲುಗಳ ಅಟ್ಟೆಯೂ ಬೇಕು. ಕ್ಯಾಂಪಿನ ಡಾಂಬರು ರಸ್ತೆಗೆ ಅಂಥ ಹಲ್ಲು ಬೇಡ.

ಕಡೆಯದಾಗಿ, ಹೆಚ್ಚು ಸದ್ದು ಮಾಡಿದ ನವೀನ ಜೋಡಿನ ವಿಚಾರ. ಇದರ ಅಟ್ಟೆ ಬಹು ದಪ್ಪ. ಫೋಮು ಅತಿ ಹಗುರ ಮತ್ತು ಪುಟಿಯುವಂಥದು. ಅದರೊಳಗೆ ಇಂಗಾಲದ ನಾರಿನ ಬಿರುಸಾದ ಫಲಕವೊಂದು ಹುದುಗಿರುತ್ತದೆ. ೨೦೧೭ರಲ್ಲಿ ಅಮೆರಿಕೆಯ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಅಳೆದಾಗ, ಇತರ ಸ್ಪರ್ಧಾ ಜೋಡುಗಳಿಗಿಂತ ನೂರಕ್ಕೆ ಸುಮಾರು ನಾಲ್ಕರಷ್ಟು ಶಕ್ತಿ ಇದರಲ್ಲಿ ಉಳಿಯುತ್ತದೆಂದು ಕಂಡಿತು. ಕೊನೆಗೆ ೨೦೨೦ರಲ್ಲಿ ಜಾಗತಿಕ ಅಥ್ಲೆಟಿಕ್ ಸಂಸ್ಥೆಯು ರಸ್ತೆ ಓಟದ ಜೋಡಿನ ಅಟ್ಟೆ ೪೦ ಮಿಲಿಮೀಟರಿಗಿಂತ ದಪ್ಪವಿರಬಾರದು, ಫಲಕ ಒಂದಕ್ಕಿಂತ ಹೆಚ್ಚಿರಬಾರದು ಎಂದು ಕಟ್ಟು ಮಾಡಬೇಕಾಯಿತು. ಆದರೆ ಇಲ್ಲಿಯೂ ಹೊರೆಯ ವರ್ಗಾವಣೆ ತಪ್ಪಿಲ್ಲ. ಇಂಥ ಜೋಡು ತೊಟ್ಟು ಓಡಿದ ಐವರಲ್ಲಿ ಪಾದದ ನಡುವಣ ದೋಣಿಯಾಕಾರದ ಎಲುಬಿಗೆ ಪೆಟ್ಟಾದುದನ್ನು ವೈದ್ಯರು ೨೦೨೩ರಲ್ಲಿ ವರದಿ ಮಾಡಿದರು. ಐವರಿಂದ ಸಿದ್ಧಾಂತ ಮಾಡಲಾಗದು. ಎಚ್ಚರಿಕೆಗೆ ಮಾತ್ರ ಸಾಕು. ಇದು ನುರಿತವರ ಸ್ಪರ್ಧೆಯ ದಿನದ ಜೋಡು. ಭರ್ತಿಗೆ ಹೊರಟ ಹುಡುಗನ ದಿನನಿತ್ಯದ ಅಭ್ಯಾಸಕ್ಕೆ ಅಲ್ಲ.

ಮಕ್ಕಳ ಕಾಲು

ಈವರೆಗೆ ಬೆಳೆದವರ ಮಾತಾಯಿತು. ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಮುಂದಿನ ಭಾಗವನ್ನು ವಿಶೇಷವಾಗಿ ಗಮನಿಸಬೇಕೆಂದು ಪ್ರಾರ್ಥನೆ. ಈ ವಿಚಾರದಲ್ಲಿ ಜಗತ್ತೆಲ್ಲ ಉದಾಹರಿಸುವ ಒಂದು ಅಧ್ಯಯನ ನಮ್ಮ ಕರ್ನಾಟಕದ್ದೇ. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಡಾ. ಯು. ಬಿ. ರಾವ್ ಮತ್ತು ಡಾ. ಬೆಂಜಮಿನ್ ಜೋಸೆಫ್ ಅವರು ನಾಲ್ಕರಿಂದ ಹದಿಮೂರು ವರ್ಷದೊಳಗಿನ ೨೩೦೦ ಮಕ್ಕಳ ಹೆಜ್ಜೆಗುರುತುಗಳನ್ನು ತೆಗೆದು ಪರೀಕ್ಷಿಸಿ ೧೯೯೨ರಲ್ಲಿ ಪ್ರಕಟಿಸಿದರು. ಪಾದರಕ್ಷೆ ತೊಡುತ್ತಿದ್ದ ಮಕ್ಕಳಲ್ಲಿ ನೂರಕ್ಕೆ ೮.೬ ಮಂದಿಗೆ ಚಪ್ಪಟೆ ಪಾದವಿತ್ತು. ತೊಡದವರಲ್ಲಿ ನೂರಕ್ಕೆ ೨.೮ ಮಾತ್ರ. ಪಾದರಕ್ಷೆಯಲ್ಲಿಯೂ ಬೆರಳು ಮುಚ್ಚುವ ಬೂಟು ತೊಟ್ಟವರಲ್ಲಿ ಇದು ಅತಿ ಹೆಚ್ಚು; ಚಪ್ಪಲಿ, ಸ್ಯಾಂಡಲ್ ತೊಟ್ಟವರಲ್ಲಿ ಅದಕ್ಕಿಂತ ಕಡಿಮೆ; ಬರಿಗಾಲಿನವರಲ್ಲಿ ಎಲ್ಲಕ್ಕಿಂತ ಕಡಿಮೆ. ೧೯೯೫ರಲ್ಲಿ ಬೆಳೆದ ೧೮೪೬ ಮಂದಿಯನ್ನು ಪರೀಕ್ಷಿಸಿದ ಮುಂದಿನ ಅಧ್ಯಯನದಲ್ಲಿ, ಹದಿನಾರು ವರ್ಷದ ನಂತರ ಪಾದರಕ್ಷೆ ಮೆಟ್ಟಿದವರಿಗಿಂತ ಬಾಲ್ಯದಲ್ಲಿಯೇ ಮೆಟ್ಟಿದವರಲ್ಲಿ ಚಪ್ಪಟೆ ಪಾದ ಹೆಚ್ಚೆಂದು ಕಂಡಿತು.

ಕಾರಣ ಊಹಿಸುವುದು ಕಷ್ಟವಲ್ಲ. ಕಮಾನು ಹುಟ್ಟಿನಿಂದ ಬರುವುದಿಲ್ಲ. ಎಳೆಯ ಕೂಸುಗಳೆಲ್ಲವೂ ಚಪ್ಪಟೆ ಪಾದದವೇ. ಆಡಿ, ಓಡಿ, ಬೆರಳುಗಳಿಂದ ನೆಲ ಹಿಡಿದು, ಮಣ್ಣಿನ ಏರುತಗ್ಗುಗಳನ್ನು ತುಳಿದು ಸ್ನಾಯುಗಳು ಬಲಿತಂತೆ ಬಾಲ್ಯದಲ್ಲಿ ಕಮಾನು ಮೂಡುತ್ತದೆ. ಬಿಗಿಯಾದ ಬೂಟು ಈ ಕೆಲಸವನ್ನು ಕಾಲಿನ ಕೈಯಿಂದ ಕಸಿದುಕೊಳ್ಳುತ್ತದೆ.

ಹಾಗೆಂದು ಮಕ್ಕಳನ್ನು ಬೀದಿಗೆ ಬರಿಗಾಲಿನಲ್ಲಿ ಅಟ್ಟಬೇಕೆಂದು ಅರ್ಥವಲ್ಲ. ಮುಳ್ಳು, ಗಾಜು, ಮೊಳೆ, ಅಂಗಾಲಿನ ಮೂಲಕ ಒಳಹೊಗುವ ಕೊಕ್ಕೆಹುಳು—ಇವು ನಿಜವಾದ ಅಪಾಯಗಳು. ಸರಕಾರವು ೨೦೧೫-೧೬ರಿಂದ ಸರಕಾರಿ ಶಾಲೆಯ ಮಕ್ಕಳಿಗೆ ಜೋಡು, ಕಾಲುಚೀಲ ಕೊಡತೊಡಗಿದ್ದು ಸ್ವಾಗತಾರ್ಹವಾದ ಕಾರ್ಯವೇ. ತಾಯಿತಂದೆಗಳು ಮಾಡಬೇಕಾದದ್ದು ಇಷ್ಟು: ಶಾಲೆಯಿಂದ ಬಂದ ಕೂಡಲೆ ಬೂಟು ಬಿಚ್ಚಿಸಿ, ಮನೆಯಲ್ಲಿ, ಅಂಗಳದಲ್ಲಿ, ಸ್ವಚ್ಛವಾದ ಮೈದಾನದಲ್ಲಿ ಬರಿಗಾಲಿನಲ್ಲಿ ಆಡಗೊಡಬೇಕು. ಮುಂದಿನ ವರ್ಷಕ್ಕೂ ಬರಲೆಂದು ಎರಡು ಅಳತೆ ದೊಡ್ಡದನ್ನೂ ತರಬಾರದು. ಇನ್ನೂ ಹರಿದಿಲ್ಲವೆಂದು ಚಿಕ್ಕದಾದುದನ್ನೂ ತುರುಕಬಾರದು.

ನಿಮ್ಮ ಮಗುವಿನ ಪಾದ ಚಪ್ಪಟೆಯಾಗಿದ್ದರೆ ಗಾಬರಿ ಬೇಡ. ಮಗುವನ್ನು ತುದಿಗಾಲಿನ ಮೇಲೆ ನಿಲ್ಲಿಸಿ ನೋಡಿರಿ. ಆಗ ಕಮಾನು ಮೂಡಿದರೆ ಪಾದ ಮೃದುವಾಗಿದೆ, ನೋವಿಲ್ಲದಿದ್ದರೆ ಚಿಕಿತ್ಸೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ತುದಿಗಾಲಿನಲ್ಲಿಯೂ ಚಪ್ಪಟೆಯಾಗಿಯೇ ಉಳಿದರೆ, ಇಲ್ಲವೆ ನೋವಿದ್ದರೆ, ಎಲುಬು ವೈದ್ಯರಿಗೆ ತೋರಿಸಬೇಕು. ಸೈನ್ಯಕ್ಕೆ ಸೇರಬಯಸುವವರ ವೈದ್ಯ ಪರೀಕ್ಷೆಯಲ್ಲಿ ಪಾದವನ್ನೂ ನೋಡುತ್ತಾರಾದ್ದರಿಂದ ಇದನ್ನು ಮೊದಲೇ ತಿಳಿದುಕೊಂಡಿರುವುದು ಲೇಸು.

ಅವಸರದ ಬೆಲೆ

ಬರಿಗಾಲಿನ ಗುಣಗಾನ ಕೇಳಿ, ಮೆತ್ತೆಯ ಜೋಡನ್ನು ಒಮ್ಮೆಲೇ ಬಿಸುಟು ಓಡಲು ಹೊರಟವರ ಗತಿಯನ್ನೂ ಹೇಳಬೇಕು. ಹತ್ತು ವಾರಗಳಲ್ಲಿ ತೆಳು ಅಟ್ಟೆಯ ಜೋಡಿಗೆ ಹೊರಳಿದ ಓಟಗಾರರ ಪಾದಗಳನ್ನು ೨೦೧೩ರಲ್ಲಿ ಅಮೆರಿಕೆಯಲ್ಲಿ ವಿಶೇಷ ಯಂತ್ರದಿಂದ ಚಿತ್ರ ತೆಗೆದು ನೋಡಿದಾಗ, ಅನೇಕರ ಎಲುಬಿನ ಒಳಗೆ ಬಾವು ಕಾಣಿಸಿತು. ಎಲುಬು ಜೀವಂತ ವಸ್ತು. ಹೊಸ ಹೊರೆಗೆ ಅದು ಹೊಂದಿಕೊಳ್ಳುತ್ತದೆ, ಆದರೆ ತಿಂಗಳುಗಟ್ಟಲೆ ಕಾಲ ಬೇಡುತ್ತದೆ. ಅವಸರ ಮಾಡಿದರೆ ಸೂಕ್ಷ್ಮವಾದ ಬಿರುಕು ಬೀಳುತ್ತದೆ. ಈ ಬಿರುಕಿನ ರೋಗವನ್ನು ಮೊದಲು ವರ್ಣಿಸಿದವನು ೧೮೫೫ರಲ್ಲಿ ಪ್ರಷ್ಯದ ಸೈನ್ಯವೈದ್ಯ ಬ್ರೈಟ್‌ಹಾಪ್ಟ್. ದೂರ ಕವಾಯತು ಮಾಡಿದ ಸಿಪಾಯಿಗಳ ಪಾದ ಬಾತು ನೋಯುವುದನ್ನು ಅವನು ಕಂಡಿದ್ದನು. ಇಂದಿಗೂ ಅದನ್ನು ಕವಾಯತಿನ ಮುರಿತವೆಂದೇ ಕರೆಯುತ್ತಾರೆ.

ಭರ್ತಿಗೆ ಸಿದ್ಧರಾಗುವ ತರುಣರಿಗೆ ಇದು ಬಹಳ ಮುಖ್ಯ. ನಾಲ್ಕು ವರ್ಷ ಸುಮ್ಮನಿದ್ದು, ಮೇಳದ ದಿನಾಂಕ ಗೊತ್ತಾದ ಮೇಲೆ ದಿನಾ ಎರಡು ಹೊತ್ತು ಓಡುವವರ ಕಾಲುಗಳು ಎಂಥ ಜೋಡಿನಲ್ಲಿದ್ದರೂ ಬಿರುಕು ಬಿಡುತ್ತವೆ. ಪಾದದ ಮೇಲೆ, ಇಲ್ಲವೆ ಕಣಕಾಲಿನ ಎಲುಬಿನ ಒಂದೇ ಬಿಂದುವಿನಲ್ಲಿ ಬೆರಳಿಟ್ಟು ಒತ್ತಿದರೆ ನೋವಾಗುತ್ತಿದ್ದರೆ, ಆ ನೋವು ಓಡಿದಂತೆ ಹೆಚ್ಚುತ್ತಿದ್ದರೆ, ಎಣ್ಣೆ ತಿಕ್ಕಿಕೊಂಡು ಓಡುವುದು ಶೌರ್ಯವಲ್ಲ. ಓಟ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಆರು ವಾರಗಳ ವಿಶ್ರಾಂತಿಯಿಂದ ಸಾಮಾನ್ಯವಾಗಿ ಕೂಡುವ ಬಿರುಕು ಹಟ ಹಿಡಿದರೆ ಪೂರ್ತಿ ಮುರಿದು, ಒಂದು ವರ್ಷದ ಅವಕಾಶವನ್ನೇ ಕಳೆಯಬಹುದು. ಮೇಳದ ಹಿಂದಿನ ದಿನ ಹೊಸ ಜೋಡು ತೊಡುವುದೂ ಅಷ್ಟೇ ಅವಿವೇಕ.

ಅಂಗಡಿಯಲ್ಲಿ

ಈಗ ಅಂಗಡಿಗೆ ಹೋಗೋಣ. ಸಂಜೆಯ ಹೊತ್ತಿಗೆ ಹೋಗುವುದು ಲೇಸು. ದಿನದ ಕೊನೆಗೆ ಪಾದ ಸ್ವಲ್ಪ ಉಬ್ಬಿರುತ್ತದೆ, ಓಡುವಾಗಲೂ ಹಾಗೆಯೇ ಉಬ್ಬುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿರಿ. ನಮ್ಮ ಎರಡು ಪಾದಗಳು ಒಂದೇ ಅಳತೆಯವಿರುವುದಿಲ್ಲ. ದೊಡ್ಡದಕ್ಕೆ ಅಳತೆ ನೋಡಬೇಕು. ನಿಂತಾಗ ಎಲ್ಲಕ್ಕಿಂತ ಉದ್ದವಾದ ಬೆರಳಿನ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗವಿರಬೇಕು. ಬೆರಳುಗಳು ಒಳಗೆ ಆಡಬೇಕು. ಹಿಮ್ಮಡಿ ಮಾತ್ರ ಜಾರಬಾರದು. ಜೋಡನ್ನು ಕೈಯಲ್ಲಿ ಹಿಡಿದು ಬಗ್ಗಿಸಿದರೆ ಬೆರಳುಗಳ ಬುಡ ಬಾಗುವಲ್ಲಿಯೇ ಅದೂ ಬಾಗಬೇಕು, ನಡುವೆ ಮಡಿಚಿಕೊಳ್ಳಬಾರದು. ಬಳಿಕ ಅಂಗಡಿಯಲ್ಲಿಯೇ ನಾಲ್ಕು ಹೆಜ್ಜೆ ಓಡಿ ನೋಡಿರಿ, ಸಂಕೋಚ ಬೇಡ.

ಎಲ್ಲಕ್ಕೂ ಮಿಗಿಲಾದ ಪರೀಕ್ಷೆ ನಿಮ್ಮ ಕಾಲಿನ ಹಿತವೇ. ಕೆನಡಾದ ಬೆನ್ನೋ ನಿಗ್ ಎಂಬ ವಿಜ್ಞಾನಿ ದಶಕಗಳ ಸಂಶೋಧನೆಯ ನಂತರ ೨೦೧೫ರಲ್ಲಿ ಮುಂದಿಟ್ಟ ಅಭಿಪ್ರಾಯ ಇದೇ: ತೊಟ್ಟ ಕ್ಷಣದಲ್ಲಿ ಹಿತವೆನಿಸಿದ ಜೋಡನ್ನು ಆರಿಸಿಕೊಳ್ಳುವವನು ತನಗರಿಯದೆಯೇ ತನ್ನ ದೇಹಕ್ಕೆ ಸಹಜವಾದ ಚಲನೆಯನ್ನು ಆರಿಸಿಕೊಳ್ಳುತ್ತಾನೆ. ಮುಂದೆ ಹೊಂದುತ್ತದೆ ಎಂದು ಅಂಗಡಿಯವರು ಹೇಳಿದರೆ ನಂಬಬೇಡಿರಿ. ಬೆಲೆಯ ಮಾತನ್ನೂ ನಂಬಬೇಡಿರಿ. ೨೦೦೮ರಲ್ಲಿ ಸ್ಕಾಟ್ಲೆಂಡಿನಲ್ಲಿ ಮೂರು ಬೆಲೆಗಳ ಜೋಡುಗಳನ್ನು ಗುರುತು ಮರೆಸಿ ಪರೀಕ್ಷಿಸಿದಾಗ, ಅಂಗಾಲಿನ ಒತ್ತಡ ತಗ್ಗಿಸುವುದರಲ್ಲಿ ಅಗ್ಗದವು ದುಬಾರಿಯವಕ್ಕೆ ಹಿಂದೆ ಬೀಳಲಿಲ್ಲ. ಹನ್ನೊಂದು ಸಾವಿರಕ್ಕೂ ಹೆಚ್ಚು ಜನರ ಮೇಲಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ೨೦೨೨ರಲ್ಲಿ ಮಾಡಿದ ವಿಮರ್ಶೆಯಲ್ಲಿಯೂ ಇಂಥ ಬಗೆಯ ಜೋಡೇ ಗಾಯವನ್ನು ತಡೆಯುತ್ತದೆ ಎನ್ನುವುದಕ್ಕೆ ಬಲವಾದ ಆಧಾರ ದೊರೆಯಲಿಲ್ಲ.

ಫೋಮು ಮುದಿಯಾಗುತ್ತದೆ ಎಂಬುದನ್ನು ಮರೆಯಬಾರದು. ಐದುನೂರರಿಂದ ಎಂಟುನೂರು ಕಿಲೋಮೀಟರ್ ಓಡಿದ ಮೇಲೆ ಅದರ ಪುಟಿಯುವ ಗುಣ ಬಹಳಷ್ಟು ಇಳಿದಿರುತ್ತದೆ. ಮೇಲೆ ಹೊಸದರಂತೆ ಹೊಳೆಯುತ್ತಿದ್ದರೂ ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿದರೆ ಒಂದು ಮಗ್ಗುಲಿಗೆ ವಾಲಿರುವುದು ಕಾಣುತ್ತದೆ. ನೆನೆದ ಜೋಡನ್ನು ಒಲೆಯ ಬಳಿ ಒಣಗಿಸಬಾರದು. ಒಳಗೆ ಹಳೆಯ ವೃತ್ತಪತ್ರಿಕೆ ತುರುಕಿ ನೆರಳಿನಲ್ಲಿಡಬೇಕು.

ಸಕ್ಕರೆ ಕಾಯಿಲೆಯವರಿಗೆ ಬೇರೆಯೇ ಮಾತು. ಅವರ ಅಂಗಾಲಿನ ಸ್ಪರ್ಶಜ್ಞಾನ ಮಂದವಾಗಿರಬಹುದು. ಗುಳ್ಳೆ ಎದ್ದದ್ದು, ಮುಳ್ಳು ನೆಟ್ಟದ್ದು ತಿಳಿಯದೆ ಹೋಗಿ ಹುಣ್ಣಾಗಬಹುದು. ಅಂಥವರು ಮನೆಯೊಳಗೂ ಬರಿಗಾಲಿನಲ್ಲಿ ತಿರುಗಬಾರದು. ಹಿತವೆನಿಸಿತು ಎಂಬ ಪರೀಕ್ಷೆಯೂ ಅವರಿಗೆ ಸಲ್ಲದು, ಏಕೆಂದರೆ ಹಿತಾಹಿತ ಹೇಳಬೇಕಾದ ನರಗಳೇ ಮೌನವಾಗಿರುತ್ತವೆ. ವೈದ್ಯರ ಸಲಹೆಯಂತೆ ಅಳತೆ ಕೊಟ್ಟು ಮಾಡಿಸಿದ ಮೆತ್ತನೆಯ ಪಾದರಕ್ಷೆಯನ್ನೇ ತೊಡಬೇಕು. ಪ್ರತಿರಾತ್ರಿ ಅಂಗಾಲುಗಳನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು.

ಉಳಿದವರೆಲ್ಲರೂ ಜೋಡಿಗೆ ಕೊಡುವ ಗಮನದಲ್ಲಿ ಅರ್ಧವನ್ನಾದರೂ ಕಾಲಿಗೆ ಕೊಟ್ಟರೆ ಸಾಕು. ದಿನಾ ಎರಡು ಬಾರಿ ಹೊಸ್ತಿಲ ಅಂಚಿನಲ್ಲಿ ತುದಿಗಾಲೂರಿ ನಿಂತು, ಹಿಮ್ಮಡಿಯನ್ನು ಹದಿನೈದು ಇಪ್ಪತ್ತು ಸಲ ನಿಧಾನವಾಗಿ ಎತ್ತಿ ಇಳಿಸಿರಿ. ನೆಲದ ಮೇಲಿನ ಟವೆಲನ್ನು ಬೆರಳುಗಳಿಂದ ಸುಕ್ಕುಗಟ್ಟಿಸಿ ಹತ್ತಿರಕ್ಕೆ ಎಳೆಯಿರಿ. ಇದಕ್ಕೆ ಕಾಸು ಖರ್ಚಿಲ್ಲ. ಜೋಡು ಎಂಟು ತಿಂಗಳಿಗೆ ಸವೆಯುತ್ತದೆ. ಹೀಗೆ ಬೆಳೆಸಿದ ಬಲ ಅಭ್ಯಾಸವಿರುವವರೆಗೂ ಉಳಿಯುತ್ತದೆ.